ಹಸಿರು ಮನೆಯೊಳಗೆ ಬಂದ ಬಗೆ: ವಾರ್ಡ್ ವೈದ್ಯರ ಗಾಜಿನ ಪೆಟ್ಟಿಗೆಯಿಂದ ಸ್ಮಾರ್ಟ್ ಮನೆಯವರೆಗೆ

ಹೋದ ವರ್ಷ ಅಕ್ಟೋಬರಿನಲ್ಲಿ ನನ್ನ ತಾಯಿಯವರು ಸಾಗರದ ಕಡೆಯ ನಮ್ಮ ಹಳ್ಳಿಯಿಂದ ಇಂಗ್ಲೆಂಡಿಗೆ ಬಂದರು. ಎಪ್ಪತ್ತೆಂಟರ ವಯಸ್ಸು, ಮೊಣಕಾಲಿನ ನೋವು, ಇಲ್ಲಿಯ ಚಳಿಗಾಲ, ಈ ಮೂರೂ ಸೇರಿ ಅವರನ್ನು ಮುಂಗೋಣೆಯ ಕಿಟಕಿಯ ಬಳಿ ಕೂರಿಸಿಬಿಟ್ಟವು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಕೇಳಿದರು: "ಇಲ್ಲಿ ಹೊರಗೆ ಎಂತದೂ ಕೇಳುವುದೇ ಇಲ್ಲವಲ್ಲ ಮಾರಾಯ, ಹಕ್ಕಿಗಳೆಲ್ಲ ಎಲ್ಲಿ ಹೋದವು?" ಹಕ್ಕಿಗಳು ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಮನೆಯ ಡಬಲ್ ಗ್ಲೇಜಿಂಗ್ ಕಿಟಕಿ ಚಳಿಯ ಜೊತೆಗೆ ಹಕ್ಕಿಗಳ ದನಿಯನ್ನೂ ಹೊರಗೇ ತಡೆದಿತ್ತು, ಅಷ್ಟೆ.

ಮಗನಾದವನು ಸುಮ್ಮನಿರಲಾದೀತೆ? ಮಾತಿನ ಆಜ್ಞೆಗೆ ಓಗೊಡುವ ಒಂದು ಸ್ಪೀಕರನ್ನು ತಂದೆ. 'ಕಾಡಿನ ಸದ್ದು' ಎಂದರೆ ಸಾಕು, ಹಕ್ಕಿಗಳ ಕಲರವ, ತೊರೆಯ ಜುಳುಜುಳು, ಮಳೆಯ ಸದ್ದು ಎಲ್ಲವೂ ಕೋಣೆಯನ್ನು ತುಂಬುತ್ತಿದ್ದವು. ಅಮ್ಮ ಎರಡು ದಿನ ಕೇಳಿದರು. ಮೂರನೆಯ ದಿನ, "ಇದು ಯಾವ ಹಕ್ಕಿ? ಎಲ್ಲಿ ಕೂತಿದೆ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಯಂತ್ರಕ್ಕೂ ಗೊತ್ತಿರಲಿಲ್ಲ. "ಹಾಗಾದರೆ ನಿಲ್ಲಿಸು. ಮನೆಯಲ್ಲಿಲ್ಲದ ಮಗು ಅತ್ತ ಹಾಗೆ ಆಗುತ್ತದೆ" ಎಂದರು.

ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಮನೆಯೊಳಗೆ ಉಳಿದುಹೋದ ಮನುಷ್ಯನ ಬಳಿಗೆ ಯಂತ್ರದ ಮೂಲಕ ಪ್ರಕೃತಿಯನ್ನು ತರುವ ಪ್ರಯತ್ನ ಎಷ್ಟು ಹಳೆಯದು? ಅದರಲ್ಲಿ ಗೆದ್ದದ್ದು ಯಾವುದು, ಸೋತದ್ದು ಯಾವುದು? ಹುಡುಕುತ್ತ ಹೋದಾಗ ಕಂಡ ಚರಿತ್ರೆಯನ್ನು ನಮ್ಮ ಬಳಗದ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮಲ್ಲಿ ಅನೇಕರ ಮನೆಗಳಿಗೆ ಪ್ರತಿವರ್ಷವೂ ತಂದೆತಾಯಿಯರು ಬಂದು ಹೋಗುತ್ತಾರೆ. ನಾವಾದರೂ ಇದೇ ನಾಡಿನಲ್ಲಿ ಮುದುಕರಾಗುತ್ತಿರುವವರೇ.

ಹೊಗೆಯ ನಗರದಲ್ಲಿ ಒಂದು ಬಾಟಲಿ

ಊರಿನ ನಮ್ಮ ಮನೆಗಳಲ್ಲಿ ಒಳಗು ಹೊರಗುಗಳ ನಡುವಿನ ಗೆರೆ ಅಷ್ಟು ಗಟ್ಟಿಯಾದುದಲ್ಲ. ತೊಟ್ಟಿಮನೆಯ ನಡುವೆ ಆಕಾಶವೇ ಇಳಿದು ಬರುತ್ತಿತ್ತು. ಮಳೆಯೂ ಬಿಸಿಲೂ ಮನೆಯವರಂತೆ ಒಳಗೆ ಓಡಾಡುತ್ತಿದ್ದವು. ಕೈಲಾಗದ ಅಜ್ಜ ಜಗಲಿಯಲ್ಲಿ ಕೂತರೆ ಅಂಗಳದ ತುಳಸಿ, ಹಟ್ಟಿಯ ದನ, ತೋಟದ ಕಾಜಾಣ ಎಲ್ಲವೂ ಅವನ ಕಣ್ಣು ಕಿವಿಗಳ ಅಳವಿನಲ್ಲೇ ಇದ್ದವು. ಪ್ರಕೃತಿಯನ್ನು ಹತ್ತಿರ ತರಲು ಅಲ್ಲಿ ಯಂತ್ರ ಬೇಕಾಗಲಿಲ್ಲ. ಅದು ಬೇಕಾದದ್ದು ಮೊದಲು ಕೈಗಾರಿಕೆಯ ನಗರಗಳಲ್ಲಿ. ಆದ್ದರಿಂದ ಈ ಕಥೆ ಲಂಡನ್ನಿನಲ್ಲಿ ಆರಂಭವಾಗುತ್ತದೆ.

ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಎಂಬ ವೈದ್ಯರು ಹಡಗುಕಟ್ಟೆಗಳ ಸಮೀಪದ ಪೂರ್ವ ಲಂಡನ್ನಿನ ವೆಲ್‌ಕ್ಲೋಸ್ ಚೌಕದಲ್ಲಿ ವಾಸವಾಗಿದ್ದರು. ಅವರಿಗೆ ಜರೀಗಿಡಗಳ ಹುಚ್ಚು. ಆದರೆ ಕಲ್ಲಿದ್ದಲ ಹೊಗೆ ಅವರ ಹಿತ್ತಲಿನಲ್ಲಿ ನೆಟ್ಟ ಜರೀಗಿಡಗಳನ್ನೆಲ್ಲ ಕೊಂದುಹಾಕಿತ್ತು. 1829ರಲ್ಲಿ ಅವರು ಒಂದು ಪತಂಗದ ಕೋಶವನ್ನು ತೇವದ ಮಣ್ಣಿನೊಂದಿಗೆ ಅಗಲಬಾಯಿಯ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದರು. ಕೋಶದಿಂದ ಪತಂಗ ಹೊರಬರುವುದನ್ನು ನೋಡಬೇಕೆಂಬುದಷ್ಟೇ ಅವರ ಬಯಕೆ. ಅದಕ್ಕೆ ಮೊದಲೇ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತವು. ಹಗಲಿನ ಶಾಖಕ್ಕೆ ಮಣ್ಣಿನ ತೇವ ಆವಿಯಾಗಿ ಗಾಜಿಗೆ ಅಂಟಿ, ಮತ್ತೆ ಹನಿಯಾಗಿ ಮಣ್ಣಿಗೆ ಇಳಿಯುತ್ತಿತ್ತು. ಹೊಗೆ ಒಳಗೆ ಬರುವಂತಿರಲಿಲ್ಲ, ನೀರು ಹೊರಗೆ ಹೋಗುವಂತಿರಲಿಲ್ಲ. ಹಿತ್ತಲಿನಲ್ಲಿ ಬದುಕದ ಸಸ್ಯ ಬಾಟಲಿಯಲ್ಲಿ ಸುಮಾರು ನಾಲ್ಕು ವರ್ಷ ಬದುಕಿತು. ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ಹೋದ ಮೇಲೆಯೇ ಸತ್ತದ್ದು.

ಈ ಬಾಟಲಿಯಿಂದ ಹುಟ್ಟಿದ್ದೇ 'ವಾರ್ಡಿಯನ್ ಪೆಟ್ಟಿಗೆ'. 1833ರಲ್ಲಿ ಇಂಥ ಎರಡು ಪೆಟ್ಟಿಗೆಗಳು ಸಸ್ಯಗಳೊಂದಿಗೆ ಲಂಡನ್ನಿನಿಂದ ಸಿಡ್ನಿಗೆ ಸಮುದ್ರಯಾನ ಮಾಡಿದವು. ಮುಂದೆ ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು, 1860ರ ದಶಕದ ಆರಂಭದಲ್ಲಿ ಮಲೇರಿಯಾದ ಮದ್ದಾದ ಸಿಂಕೋನಾ ಸಸಿಗಳು ನೀಲಗಿರಿಗೆ ಬಂದದ್ದು, ಎಲ್ಲವೂ ಇಂಥ ಪೆಟ್ಟಿಗೆಗಳಲ್ಲಿಯೇ. ಸಾಮ್ರಾಜ್ಯದ ತೋಟಗಾರಿಕೆಗೆ ಅವು ಗಾಡಿಯಾದವು. ಆದರೆ ನಮಗಿಲ್ಲಿ ಮುಖ್ಯವಾದದ್ದು ಅವುಗಳ ಇನ್ನೊಂದು ಬಾಳು. 1842ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾರ್ಡರು ನಗರದ ಬಡವರ ಬದುಕನ್ನು ಈ ಪೆಟ್ಟಿಗೆಗಳು ಹೇಗೆ ಹಸನುಗೊಳಿಸಬಹುದೆಂಬುದನ್ನೂ ಚರ್ಚಿಸಿದ್ದಾರೆ. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿತು. 1696ರಿಂದ ಜಾರಿಯಲ್ಲಿದ್ದ ಕಿಟಕಿ ತೆರಿಗೆ 1851ರಲ್ಲಿ ರದ್ದಾಯಿತು. ಗಾಜು ಅಗ್ಗವಾದೊಡನೆ ಮಧ್ಯಮವರ್ಗದ ಮನೆಗಳ ಕೋಣೆಕೋಣೆಗಳಲ್ಲಿ ಜರೀಗಿಡದ ಪೆಟ್ಟಿಗೆಗಳು ಕಾಣಿಸಿಕೊಂಡವು. ಹೊರಗೆ ಹೋಗಲಾರದವರ ಕೋಣೆಯಲ್ಲಿ ಒಂದು ಜೀವಂತ ಹಸಿರನ್ನು ಯಂತ್ರೋಪಾಯದಿಂದ ಇರಿಸಬಹುದೆಂಬ ಕಲ್ಪನೆ ಹೀಗೆ ಬೇರೂರಿತು.

ಹಾಸಿಗೆಯಿಂದ ಕಾಣುವ ಕಿಟಕಿ

1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತು ಬರೆದ ಕಿರುಪುಸ್ತಕದಲ್ಲಿ, ಮಲಗಿದಲ್ಲಿಂದ ಕಿಟಕಿಯಾಚೆ ನೋಡಲಾಗದ ರೋಗಿಯ ಸಂಕಟವನ್ನು ಪ್ರಸ್ತಾಪಿಸಿದ್ದಾರೆ. ತಾವು ಜ್ವರದಲ್ಲಿದ್ದಾಗ ಯಾರೋ ಕಳುಹಿಸಿದ ಕಾಡುಹೂಗಳ ಗೊಂಚಲು ಬಂದ ಗಳಿಗೆಯಿಂದ ಚೇತರಿಕೆ ಚುರುಕಾಯಿತೆಂದು ನೆನೆದಿದ್ದಾರೆ. ಆಗ ಅದು ಅನುಭವಿಯೊಬ್ಬರ ಮಾತು, ಅಷ್ಟೆ. ಅಳೆದು ನೋಡಲು ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿದ್ವಾಂಸರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯನ್ನು 23 ಜೋಡಿಗಳಾಗಿ ಹೊಂದಿಸಿ, ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳೂ ಇನ್ನೊಬ್ಬರ ಕಿಟಕಿಗೆ ಇಟ್ಟಿಗೆಯ ಗೋಡೆಯೂ ಕಾಣುತ್ತಿದ್ದಂತೆ ಆರಿಸಿಕೊಂಡರು. ಮರಗಳನ್ನು ಕಂಡವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರೆ ಗೋಡೆಯನ್ನು ಕಂಡವರಿಗೆ 8.70 ದಿನ ಹಿಡಿದಿತ್ತು. ಮರಗಳನ್ನು ಕಂಡವರು ಬಲವಾದ ನೋವುನಿವಾರಕಗಳನ್ನು ಕಡಿಮೆ ಬಳಸಿದ್ದರು. ಸಣ್ಣ ಅಧ್ಯಯನವೇ ಸರಿ. ಆದರೂ ಆಸ್ಪತ್ರೆ ಮತ್ತು ವೃದ್ಧಾಶ್ರಮಗಳನ್ನು ಕಟ್ಟುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ತಂತಿಯಿಲ್ಲದ ಹಕ್ಕಿ

ಕಣ್ಣಿಗೆ ಕಿಟಕಿಯಾಯಿತು, ಕಿವಿಗೆ? ಇಲ್ಲಿ ನಮ್ಮ ನಾಡಿನ ಹಕ್ಕಿಯೊಂದು ಅನಿರೀಕ್ಷಿತವಾಗಿ ಚರಿತ್ರೆಯೊಳಗೆ ಹಾರಿಬರುತ್ತದೆ. 1889ರಲ್ಲಿ ಜರ್ಮನಿಯಲ್ಲಿ ಲುಡ್ವಿಗ್ ಕಾಖ್ ಎಂಬ ಎಂಟು ವರ್ಷದ ಬಾಲಕ, ತಂದೆ ಕೊಡಿಸಿದ ಫೋನೋಗ್ರಾಫಿನ ಮೇಣದ ಕೊಳವೆಯ ಮೇಲೆ ತನ್ನ ಪಂಜರದ ಹಕ್ಕಿಯ ಹಾಡನ್ನು ಹಿಡಿದಿಟ್ಟ. ನಮಗೆ ತಿಳಿದಿರುವಂತೆ ಅದು ಜಗತ್ತಿನಲ್ಲಿ ಹಕ್ಕಿಯ ದನಿಯ ಮೊಟ್ಟಮೊದಲ ಮುದ್ರಣ. ಆ ಹಕ್ಕಿ ಶಾಮ. ಮಡಿವಾಳ ಹಕ್ಕಿಯ ಹತ್ತಿರದ ಬಂಧು, ನಮ್ಮ ಪಶ್ಚಿಮಘಟ್ಟಗಳ ಕಾಡಿನಲ್ಲೂ ಹಾಡುವಂಥದು. ಅದರ ವೈಜ್ಞಾನಿಕ ಹೆಸರಿನಲ್ಲಿಯೇ ಮಲಬಾರ್ ಇದೆ. ಯೆಹೂದಿಯಾಗಿದ್ದ ಕಾಖ್ 1936ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದರು. ಮುಂದೆ ಬಿಬಿಸಿ ರೇಡಿಯೋದ ಮೂಲಕ ಅವರ ಹಕ್ಕಿಗಳ ದನಿಗಳು ಈ ದೇಶದ ಮನೆಮನೆಗಳಿಗೆ ತಲುಪಿದವು.

ಅದಕ್ಕೂ ಮೊದಲೇ, 1924ರ ಮೇ 19ರ ರಾತ್ರಿ, ಬಿಬಿಸಿ ಒಂದು ಸಾಹಸ ಮಾಡಿತ್ತು. ಸರ್ರೆಯ ಆಕ್ಸ್‌ಟೆಡ್ ಬಳಿಯ ತಮ್ಮ ತೋಟದಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಎಂಬ ಸಂಗೀತಗಾರ್ತಿ ಚೆಲ್ಲೋ ನುಡಿಸಿದಾಗ ಪೊದೆಯಲ್ಲಿನ ನೈಟಿಂಗೇಲ್ ಹಕ್ಕಿ ಜೊತೆಗೂಡಿ ಹಾಡುತ್ತಿತ್ತಂತೆ. ಅದನ್ನು ತೋಟದಿಂದ ನೇರವಾಗಿ ಪ್ರಸಾರ ಮಾಡಲು ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಮೊದಲು ಹಿಂಜರಿದರು, ಕೊನೆಗೆ ಒಪ್ಪಿದರು. ಆ ರಾತ್ರಿ ಲಕ್ಷಾಂತರ ಜನ ಮನೆಯಲ್ಲಿ ಕೂತು ಎಲ್ಲಿಯೋ ಒಂದು ತೋಟದ ಹಕ್ಕಿಯನ್ನು ಕೇಳಿದರು. ಆ ಪ್ರಸಾರ ಹಲವು ವರ್ಷ ಪ್ರತಿ ಮೇ ತಿಂಗಳಲ್ಲಿ ನಡೆಯಿತು. 1942ರಲ್ಲಿ ಯುದ್ಧವಿಮಾನಗಳು ಆ ತೋಟದ ಮೇಲೆ ಹಾರಿ ಜರ್ಮನಿಯತ್ತ ಹೊರಟಾಗ, ಅವುಗಳ ಸದ್ದು ಶತ್ರುವಿಗೆ ಕೇಳಬಾರದೆಂದು ತಂತ್ರಜ್ಞರು ಪ್ರಸಾರವನ್ನೇ ಕಡಿದುಹಾಕಿದರು.

ಇತ್ತೀಚೆಗೆ ಕೆಲವರು ಇದರ ಬಗ್ಗೆ ಒಂದು ಸಂಶಯವನ್ನೂ ಎತ್ತಿದ್ದಾರೆ. ಮೊದಲ ರಾತ್ರಿ ಹಾಡಿದ್ದು ಹಕ್ಕಿಯಲ್ಲ, ಹಕ್ಕಿಯ ದನಿಯನ್ನು ಅನುಕರಿಸುತ್ತಿದ್ದ ಕಲಾವಿದೆಯೊಬ್ಬರು ಎಂಬುದು ಅವರ ವಾದ. ಅದು ಇತ್ಯರ್ಥವಾದ ಸಂಗತಿಯಲ್ಲ. ಆದರೆ ನೂರು ವರ್ಷಗಳಾದ ಮೇಲೂ ಜನ ಇದರ ಬಗ್ಗೆ ತಕರಾರು ತೆಗೆಯುತ್ತಾರೆಂಬುದೇ ಗಮನಾರ್ಹ. ದನಿ ಅಷ್ಟೇ ಇಂಪಾಗಿದ್ದರೂ ಹಾಡಿದ್ದು ನಿಜವಾದ ಹಕ್ಕಿಯೇ ಎಂಬುದು ಕೇಳುಗರಿಗೆ ಮುಖ್ಯವಾಗುತ್ತದೆ. ನನ್ನ ಅಮ್ಮ ಕೇಳಿದ ಪ್ರಶ್ನೆಯೂ ಅದೇ.

ಕಾಯುವವರು ಯಾರು?

ಇನ್ನು ಮನೆಯೇ 'ಜಾಣ'ವಾದ ಕಥೆ. 1966ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ವೆಸ್ಟಿಂಗ್‌ಹೌಸ್ ಸಂಸ್ಥೆಯ ಎಂಜಿನಿಯರ್ ಜಿಮ್ ಸದರ್ಲೆಂಡ್ ತಮ್ಮ ಮನೆಯ ಉಪಕರಣಗಳನ್ನು ನಿಯಂತ್ರಿಸಲು ಎಕೋ 4 ಎಂಬ ಗಣಕವನ್ನು ಕಟ್ಟಿದರು. ಅದು ಮಾರಾಟಕ್ಕೆ ಬರಲಿಲ್ಲ. ಜನಸಾಮಾನ್ಯರ ಮನೆಗೆ ದಾರಿ ತೆರೆದದ್ದು ನಮ್ಮ ಸ್ಕಾಟ್ಲೆಂಡ್ ಸದಸ್ಯರ ನೆರೆಯಲ್ಲೇ. ಗ್ಲೆನ್‌ರೋಥಿಸ್ ಪಟ್ಟಣದ ಪಿಕೋ ಎಲೆಕ್ಟ್ರಾನಿಕ್ಸ್ ಸಂಸ್ಥೆ 1975ರಲ್ಲಿ ರೂಪಿಸಿದ ಎಕ್ಸ್10 ವ್ಯವಸ್ಥೆಗೆ ಹೊಸ ತಂತಿಯೇ ಬೇಕಿರಲಿಲ್ಲ. ಗೋಡೆಯೊಳಗಿನ ವಿದ್ಯುತ್ ತಂತಿಯಲ್ಲಿ ಪ್ರವಾಹದ ದಿಕ್ಕು ಬದಲಾಗುವ ಕ್ಷಣದಲ್ಲಿ, ವೋಲ್ಟೇಜ್ ಸೊನ್ನೆಯಾಗಿರುವಾಗ, 120 ಕಿಲೋಹರ್ಟ್ಸಿನ ಒಂದು ಚಿಕ್ಕ ಸಂಕೇತವನ್ನು ಅದೇ ತಂತಿಯಲ್ಲಿ ಕಳುಹಿಸುತ್ತಿದ್ದರು. ಮಲಗಿದಲ್ಲಿಂದಲೇ ದೀಪ ಆರಿಸುವ ಸುಖ ಅಲ್ಲಿಂದ ಮೊದಲಾಯಿತು. 2014ರಲ್ಲಿ ಅಮೆಝಾನಿನ ಎಕೋ ಬಂದ ಮೇಲೆ ಗುಂಡಿಯ ಬದಲು ಮಾತೇ ಸಾಕಾಯಿತು.

ಹಿರಿಯರ ಮಟ್ಟಿಗೆ ಈ ತಂತ್ರಜ್ಞಾನ ಬೇರೊಂದು ದಾರಿ ಹಿಡಿಯಿತು. ಕೊರಳಲ್ಲಿ ತೂಗುವ ಅಪಾಯದ ಗುಂಡಿ, ಬಿದ್ದರೆ ಸುದ್ದಿ ಕೊಡುವ ಸಂವೇದಕ, ರಾತ್ರಿ ಹಾಸಿಗೆಯಿಂದ ಎದ್ದರೆ ಮಗನ ಫೋನಿಗೆ ಬರುವ ಎಚ್ಚರಿಕೆ. ಇವೆಲ್ಲ ಬೇಕಾದುವೇ, ಪ್ರಾಣ ಉಳಿಸುವಂಥವು. ಆದರೆ ಎಲ್ಲದರಲ್ಲೂ ಒಂದು ಸಾಮಾನ್ಯ ಗುಣವಿದೆ. ಅವು ಹಿರಿಯರನ್ನು ಕಾಯುತ್ತವೆ. ಹಿರಿಯರಿಗೆ ಕಾಯಲು ಏನನ್ನೂ ಕೊಡುವುದಿಲ್ಲ.

ಇದು ಎಂಥ ಕೊರತೆಯೆಂಬುದನ್ನು 1976ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ಟಿನ ಒಂದು ವೃದ್ಧಾಶ್ರಮದಲ್ಲಿ 91 ಮಂದಿಯನ್ನು ಮಹಡಿಯ ಪ್ರಕಾರ ಎರಡು ಗುಂಪು ಮಾಡಿದರು. ಇಬ್ಬರಿಗೂ ಒಂದೊಂದು ಗಿಡ ಸಿಕ್ಕಿತು. ಒಂದು ಮಹಡಿಯವರಿಗೆ ಹೇಳಿದ ಮಾತಿನ ಸಾರ ಇದು: ಗಿಡವನ್ನು ನೀವೇ ಆರಿಸಿಕೊಳ್ಳಿ, ನೀವೇ ನೋಡಿಕೊಳ್ಳಿ, ನಿಮ್ಮ ದಿನವನ್ನು ಹೇಗೆ ಕಳೆಯುವುದೆಂಬುದೂ ನಿಮ್ಮ ಕೈಯಲ್ಲಿದೆ. ಇನ್ನೊಂದು ಮಹಡಿಯವರಿಗೆ, ಗಿಡಕ್ಕೆ ದಾದಿಯರು ನೀರು ಹಾಕುತ್ತಾರೆ, ನಿಮ್ಮನ್ನು ಸುಖವಾಗಿಡುವುದು ನಮ್ಮ ಹೊಣೆ ಎಂದು ಹೇಳಲಾಯಿತು. ಮೂರು ವಾರಗಳ ನಂತರ ಮೊದಲ ಗುಂಪಿನವರು ಹೆಚ್ಚು ಚುರುಕಾಗಿಯೂ ಉಲ್ಲಾಸವಾಗಿಯೂ ಕಂಡುಬಂದರು. ಹದಿನೆಂಟು ತಿಂಗಳ ಮೇಲೆ ನೋಡಿದಾಗ ಮೊದಲ ಗುಂಪಿನ 47 ಮಂದಿಯಲ್ಲಿ 7 ಜನ ತೀರಿಕೊಂಡಿದ್ದರೆ, ಎರಡನೆಯ ಗುಂಪಿನ 44 ಮಂದಿಯಲ್ಲಿ 13 ಜನ ಇಲ್ಲವಾಗಿದ್ದರು. ಈ ಸಾವಿನ ಲೆಕ್ಕದ ಗಣಿತದಲ್ಲಿ ತಪ್ಪಿತ್ತೆಂದು ಸಂಶೋಧಕಿಯರೇ ಮುಂದೆ ತಿದ್ದುಪಡಿ ಪ್ರಕಟಿಸಿದರು. ತಿದ್ದಿದ ಲೆಕ್ಕದಂತೆ ಆ ಅಂತರವನ್ನು ಖಚಿತವೆಂದು ಹೇಳುವುದು ಕಷ್ಟ. ಅಲ್ಲದೆ ಗಿಡವೊಂದರಿಂದಲೇ ಎಲ್ಲ ಬದಲಾಯಿತೆಂದೂ ಹೇಳಲಾಗದು. ಹಾಗಿದ್ದರೂ ಎರಡೂ ಮಹಡಿಗಳಲ್ಲಿ ಹಸಿರು ಇತ್ತು, ಬೇರೆಯಾಗಿದ್ದದ್ದು ಹೊಣೆ.

ಇದರ ಜೊತೆಗೆ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಮತ್ತು ಸಂಗಡಿಗರು 90 ಮಂದಿಯ ಮೇಲೆ ನಡೆಸಿದ್ದು. ಕೆಲವರು ಹಸಿರು ಕಾಣುವ ಗಾಜಿನ ಕಿಟಕಿಯ ಮುಂದೆ ಕೂತರು. ಕೆಲವರು ಅದೇ ನೋಟವನ್ನು ಆ ಕ್ಷಣದಲ್ಲೇ ತೋರಿಸುವ ದೊಡ್ಡ ಪ್ಲಾಸ್ಮಾ ಪರದೆಯ ಮುಂದೆ. ಉಳಿದವರು ಬರಿಯ ಗೋಡೆಯ ಮುಂದೆ. ಸಣ್ಣ ಒತ್ತಡದ ನಂತರ ಎದೆಬಡಿತ ಎಷ್ಟು ಬೇಗ ಸಹಜ ಸ್ಥಿತಿಗೆ ಮರಳುತ್ತದೆಂದು ಅಳೆದಾಗ ಗಾಜಿನ ಕಿಟಕಿ ಗೆದ್ದಿತು. ಪರದೆಗೂ ಬರಿಗೋಡೆಗೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಪರದೆಯನ್ನು ಕಿಟಕಿಯ ಜಾಗದಲ್ಲಿ ಕೂರಿಸಿದರೆ ನಷ್ಟ ನಮಗೇ.

ಬೆಳಕಿನ ಲೆಕ್ಕ

ಸ್ಮಾರ್ಟ್ ಮನೆ ಸದ್ದಿಲ್ಲದೆ ಮಾಡಬಹುದಾದ ಒಂದು ಉಪಕಾರವಿದೆ. ಅದು ಬೆಳಕಿಗೆ ಸಂಬಂಧಿಸಿದ್ದು. ನಮ್ಮ ಕಣ್ಣಿನಲ್ಲಿ ನೋಟಕ್ಕಾಗಿ ಇರುವ ಕೋಶಗಳಲ್ಲದೆ, ಹಗಲು ರಾತ್ರಿಗಳನ್ನು ಮೆದುಳಿಗೆ ತಿಳಿಸುವ ಬೇರೊಂದು ಬಗೆಯ ಬೆಳಕು ಗ್ರಾಹಕ ಕೋಶಗಳಿವೆಯೆಂದು 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಆಕಾಶದ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ಆ ನೀಲಿಯನ್ನೇ ತಡೆಯುತ್ತದೆ. ಡಿಸೆಂಬರಿನ ಇಂಗ್ಲೆಂಡಿನಲ್ಲಿ, ಪರದೆ ಎಳೆದ ಕೋಣೆಯಲ್ಲಿ, ಎಂಬತ್ತರ ಸಮೀಪದ ಕಣ್ಣಿಗೆ ಹಗಲಾದದ್ದೇ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ನೆದರ್ಲೆಂಡ್ಸಿನ 12 ವೃದ್ಧಾಶ್ರಮಗಳ 189 ನಿವಾಸಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಗಲಿನಲ್ಲಿ ಕೋಣೆಯನ್ನು ಸುಮಾರು 1000 ಲಕ್ಸಿನಷ್ಟು ಬೆಳಗಿಸಿದಾಗ ನೆನಪಿನ ಕುಸಿತವೂ ಖಿನ್ನತೆಯ ಲಕ್ಷಣಗಳೂ ಸ್ವಲ್ಪಮಟ್ಟಿಗೆ ತಗ್ಗಿದ್ದವು. ಬೆಳಗಾಗುತ್ತಲೇ ತಾನಾಗಿ ಸರಿಯುವ ಪರದೆ, ಸಂಜೆಗೆ ಮೆಲ್ಲನೆ ಹೊಂಬಣ್ಣಕ್ಕೆ ತಿರುಗುವ ದೀಪ, ಇವು ಆಡಂಬರವಲ್ಲ. ತೊಟ್ಟಿಮನೆಯ ಆಕಾಶ ಮಾಡುತ್ತಿದ್ದ ಕೆಲಸವನ್ನು ಅವು ಅಲ್ಪಸ್ವಲ್ಪವಾದರೂ ಮಾಡುತ್ತವೆ.

ಎಣಿಸುವ ಕೆಲಸ

ಇನ್ನು ನಮ್ಮ ಮನೆಗೆ ಹಿಂತಿರುಗೋಣ. ಕಾಡಿನ ಸದ್ದಿನ ಸ್ಪೀಕರು ಮೂಲೆ ಸೇರಿದ ಮೇಲೆ, ಈ ಚರಿತ್ರೆಯಿಂದ ಕಲಿತದ್ದನ್ನು ಪ್ರಯೋಗಿಸಿ ನೋಡೋಣವೆನಿಸಿತು. ಅಮ್ಮ ಕೂರುವ ಕಿಟಕಿಯ ಎದುರಿಗೆ, ಹಿತ್ತಲಿನ ಕಂಬಕ್ಕೆ ಕಾಳಿನ ಬಟ್ಟಲೊಂದನ್ನು ಕಟ್ಟಿ ಪಕ್ಕದಲ್ಲಿ ಪುಟ್ಟ ಕ್ಯಾಮೆರಾ ಇಟ್ಟೆ. ಹೊರಗೆ ಒಂದು ಮೈಕ್ರೋಫೋನು. ಅದರ ತಂತಿ ಒಳಗಿನ ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕಕ್ಕೆ. ಅದರಲ್ಲಿ ಓಡುವುದು ಅಮೆರಿಕದ ಕಾರ್ನೆಲ್ ಪಕ್ಷಿಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಬರ್ಡ್‌ನೆಟ್. ದನಿಯನ್ನು ಮೂರು ಮೂರು ಸೆಕೆಂಡಿನ ತುಣುಕು ಮಾಡಿ, ಪ್ರತಿ ತುಣುಕಿನ ಸ್ವರಗಳ ಏರಿಳಿತವನ್ನು ಚಿತ್ರವಾಗಿಸಿ, ಆ ಚಿತ್ರದಿಂದ ಹಕ್ಕಿಯನ್ನು ಅದು ಗುರುತಿಸುತ್ತದೆ. ನೆರೆಮನೆಯವರ ಮಾತು ಅದರೊಳಗೆ ಸೇರದಂತೆ ಮೈಕ್ರೋಫೋನನ್ನು ನಮ್ಮ ಹಿತ್ತಲಿನ ಕಡೆಗೇ ತಿರುಗಿಸಿ, ಅವರಿಗೂ ಹೇಳಿ ಇಟ್ಟದ್ದು. ಇದನ್ನು ಮಾಡುವವರು ಈ ಎಚ್ಚರವನ್ನು ಮರೆಯಬಾರದು.

ಸ್ಪೀಕರಿಗೂ ಇದಕ್ಕೂ ಇರುವ ಅಂತರ ಮೊದಲ ದಿನವೇ ತಿಳಿಯಿತು. ಈಗ "ಇದು ಯಾವ ಹಕ್ಕಿ? ಎಲ್ಲಿ ಕೂತಿದೆ?" ಎಂಬ ಪ್ರಶ್ನೆಗೆ ಉತ್ತರವಿತ್ತು: ರಾಬಿನ್, ಅಗೋ ಬೇಲಿಯ ಮೇಲೆ. ಉಳಿದ ಹಕ್ಕಿಗಳು ಸುಮ್ಮನಾದ ಚಳಿಗಾಲದಲ್ಲೂ ತನ್ನ ಗಡಿಯನ್ನು ಕಾಯುತ್ತ ಹಾಡುವ ಹಕ್ಕಿ ಅದು. ಅಮ್ಮ ಅದಕ್ಕೆ 'ಕೆಂಪೆದೆ' ಎಂದು ಹೆಸರಿಟ್ಟರು. ಗೋಲ್ಡ್‌ಕ್ರೆಸ್ಟ್ ಎಂಬ ಈ ದೇಶದ ಅತಿ ಚಿಕ್ಕ ಹಕ್ಕಿಯ ಹೆಸರು ಪರದೆಯ ಮೇಲೆ ಮೂಡಿದಾಗ ಮಾತ್ರ ಅವರಿಗೆ ಏನೂ ಕೇಳಿಸಲಿಲ್ಲ. ಅದರ ಹಾಡು ಬಹಳ ಎತ್ತರದ ಸ್ಥಾಯಿಯದು. ವಯಸ್ಸಾದ ಕಿವಿಗಳಿಗೆ ಮೊದಲು ಕಳೆದುಹೋಗುವ ದನಿಗಳಲ್ಲಿ ಅದೊಂದು. ಪರದೆ ಕೊಟ್ಟ ಸುಳಿವು ಹಿಡಿದು ಕಣ್ಣಿನಿಂದಲೇ ಆ ಹಕ್ಕಿಯನ್ನು ಹುಡುಕಿ ಹಿಡಿದರು. ಕಿವಿ ಕಳೆದುಕೊಂಡದ್ದನ್ನು ಯಂತ್ರ ತೋರಿಸಿಕೊಟ್ಟ ಅಂಥ ಗಳಿಗೆಯಲ್ಲಿ ತಂತ್ರಜ್ಞಾನಕ್ಕೆ ಕೈಮುಗಿಯಬೇಕೆನಿಸುತ್ತದೆ.

ಆದರೆ ನಿಜವಾಗಿ ಅಮ್ಮನನ್ನು ಕುರ್ಚಿಯಿಂದ ಎಬ್ಬಿಸಿದ್ದು ಯಂತ್ರವಲ್ಲ, ಕಾಳಿನ ಬಟ್ಟಲು. ಅದನ್ನು ತುಂಬಬೇಕು. ವಾರಕ್ಕೊಮ್ಮೆ ತೊಳೆಯಲೂ ಬೇಕು. ಕೊಳಕು ಬಟ್ಟಲಿನಿಂದ ಹರಡುವ ಟ್ರೈಕೊಮೊನೋಸಿಸ್ ರೋಗ 2005ರಿಂದೀಚೆಗೆ ಈ ದೇಶದ ಗ್ರೀನ್‌ಫಿಂಚ್ ಹಕ್ಕಿಗಳನ್ನು ಅಪಾರ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿದೆ. ಇದನ್ನು ಹೇಳಿದ ಮೇಲೆ ತೊಳೆಯುವ ಕೆಲಸವನ್ನು ಅವರು ಯಾರಿಗೂ ಬಿಡಲಿಲ್ಲ. ನಾನು ತಾನಾಗಿ ಕಾಳು ಸುರಿಯುವ ಯಂತ್ರವೊಂದನ್ನು ಕೊಳ್ಳೋಣವೆಂದಾಗ, "ಅದನ್ನೂ ಯಂತ್ರವೇ ಮಾಡಿದರೆ ನಾನು ಎಂತಕ್ಕೆ?" ಎಂದು ಕೇಳಿದರು. ಕನೆಕ್ಟಿಕಟ್ಟಿನ ಎರಡು ಮಹಡಿಗಳ ಕಥೆ ಅವರಿಗೆ ಗೊತ್ತಿರಲಿಲ್ಲ.

ಜನವರಿಯ ಕೊನೆಯ ವಾರಾಂತ್ಯದಲ್ಲಿ ಅವರು ಈ ದೇಶದ ಒಂದು ದೊಡ್ಡ ಕೆಲಸದಲ್ಲಿಯೂ ಪಾಲ್ಗೊಂಡರು. ರಾಯಲ್ ಪಕ್ಷಿ ಸಂರಕ್ಷಣಾ ಸಂಘ 1979ರಲ್ಲಿ ಮಕ್ಕಳಿಗಾಗಿ ಆರಂಭಿಸಿದ ಹಿತ್ತಲು ಹಕ್ಕಿ ಗಣತಿಯಲ್ಲಿ ಈಗ ಐದು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ನಿಯಮ ಸರಳ: ಒಂದು ಗಂಟೆ ಕೂತು, ಪ್ರತಿ ಜಾತಿಯ ಹಕ್ಕಿ ಒಮ್ಮೆಗೇ ಎಷ್ಟು ಕಂಡವೋ ಅದರ ಗರಿಷ್ಠ ಸಂಖ್ಯೆಯನ್ನು ಬರೆಯಬೇಕು. ಗುಬ್ಬಚ್ಚಿಗಳ ಸಂಖ್ಯೆ 1979ರಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ಇಳಿದಿದೆಯೆಂದು ನಾಡಿಗೆ ತಿಳಿಸಿದ ಲೆಕ್ಕಗಳಲ್ಲಿ ಇದೂ ಒಂದು. ಅಂಥ ಲೆಕ್ಕಕ್ಕೆ ಬೇಕಾದ ತಾಳ್ಮೆ ನಮ್ಮಂಥ ಅವಸರದವರಲ್ಲಿ ಇಲ್ಲ. ಕಿಟಕಿಯ ಬಳಿ ಕೂತ ಹಿರಿಯರಲ್ಲಿ ಬೇಕಾದಷ್ಟಿದೆ. ಅಮ್ಮ ತಮ್ಮ ಲೆಕ್ಕವನ್ನು ಹಾಲಿನ ಲೆಕ್ಕ ಬರೆದಂತೆ ಕನ್ನಡದ ಅಂಕಿಗಳಲ್ಲಿ ಪುಸ್ತಕದಲ್ಲಿ ಬರೆದರು. ನನ್ನ ಮಗಳು ಅದನ್ನು ಓದಿ ಇಂಗ್ಲಿಷಿನಲ್ಲಿ ತುಂಬಿ ಕಳುಹಿಸಿದಳು. ಆ ನೆಪದಲ್ಲಿ ಅವಳು ಕನ್ನಡದ ಅಂಕಿಗಳನ್ನು ಕಲಿತಳು.

ಬೇಲಿಯ ಮೇಲೆ ಒಮ್ಮೆಗೇ ಮೂರು ಗುಬ್ಬಚ್ಚಿಗಳು ಕಂಡವೆಂದು ಅಮ್ಮ, ನಾಲ್ಕೆಂದು ಮೊಮ್ಮಗಳು. ಕ್ಯಾಮೆರಾದ ಚಿತ್ರವನ್ನು ನೋಡಿ ತೀರ್ಮಾನವಾಯಿತು. ಗೆದ್ದವರು ಅಮ್ಮ.

ವಾರ್ಡರ ಬಾಟಲಿಯಿಂದ ಇಲ್ಲಿಯವರೆಗಿನ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿಂದ ನಾನು ಕಂಡುಕೊಂಡದ್ದು ಇಷ್ಟೇ. ಯಂತ್ರ ಪ್ರಕೃತಿಯ ಚಿತ್ರವನ್ನೋ ದನಿಯನ್ನೋ ತಂದು ಸುರಿದರೆ ಹಿರಿಯರು ಕೆಲವು ದಿನ ನೋಡಿ ಸುಮ್ಮನಾಗುತ್ತಾರೆ. ಹೊರಗೆ ನಿಜವಾಗಿ ಇರುವ ಒಂದು ಜೀವವನ್ನು ಅದು ತೋರಿಸಿಕೊಟ್ಟು, ಆ ಜೀವದ ಬಗ್ಗೆ ಒಂದು ಚಿಕ್ಕ ಹೊಣೆಯನ್ನು ಅವರ ಕೈಯಲ್ಲೇ ಉಳಿಸಿದರೆ ಅವರು ಮರುದಿನವೂ ಏಳುತ್ತಾರೆ. ಹಾಗಾಗಿ ತಂದೆತಾಯಿಯರಿಗಾಗಿ ಏನನ್ನಾದರೂ ಕೊಳ್ಳುವ ಮುನ್ನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಬಂದ ಮೇಲೆ ಅವರಿಗೆ ಮಾಡಲು ಒಂದು ಕೆಲಸ ಹೆಚ್ಚಾಗುತ್ತದೆಯೇ, ಕಡಿಮೆಯಾಗುತ್ತದೆಯೇ?

ಏಪ್ರಿಲಿನಲ್ಲಿ ಅಮ್ಮ ಊರಿಗೆ ಹಿಂತಿರುಗಿದರು. ಕ್ಯಾಮೆರಾದ ಚಿತ್ರಗಳು ಈಗ ಪ್ರತಿ ಬೆಳಿಗ್ಗೆ ಅವರ ಫೋನಿಗೆ ಹೋಗುತ್ತವೆ. ಮೊನ್ನೆ ಫೋನಿನಲ್ಲಿ ಯೋಗಕ್ಷೇಮ ವಿಚಾರಿಸುವುದಕ್ಕೂ ಮೊದಲೇ ಕೇಳಿದರು: "ಕೆಂಪೆದೆ ಎರಡು ದಿನದಿಂದ ಕಾಣುತ್ತಿಲ್ಲ. ಬಟ್ಟಲು ತೊಳೆದಿದ್ದೀಯಾ, ಇಲ್ಲವಾ?"

ತೊಳೆದಿರಲಿಲ್ಲ. ಫೋನಿಟ್ಟು ಹಿತ್ತಲಿಗೆ ಹೋದೆ.